ಹಿಮದ ದಾರಿಯ ದಾಖಲೆ

"ಬಾಯಾರ, ಸ್ವಲ್ಪ ಬೆಳಕು ಬಿಟ್ಟು ನಿಂದರ್ರಿ. ಇದರ ಸ್ಕ್ರೂ ಭಾಳ ಸಣ್ಣದು, ಕಣ್ಣಿಗೆ ಹತ್ತವಲ್ದು," ಎಂದ ಏಕನಾಥ.

ಬೆಳಕು ಬಿಟ್ಟು ನಿಂತೆ. ಪುಣೆಯ ತಾಪ್ಕೀರ್ ಗಲ್ಲಿಯ ಅವನ ರಿಪೇರಿ ಅಂಗಡಿ ಎಷ್ಟು ಚಿಕ್ಕದೆಂದರೆ ಬೆಳಕು ಬಿಡಬೇಕಾದರೆ ರಸ್ತೆಗೇ ಇಳಿಯಬೇಕು. ಇಳಿದೆ. ಹಿಂದಿನಿಂದ ಕೈಗಾಡಿ ತಳ್ಳಿಕೊಂಡು ಬಂದವನು "ಆಜಿ, ಬಾಜೂಲಾ ವ್ಹಾ!" ಎಂದು ಮರಾಠಿಯಲ್ಲಿ ಪಕ್ಕಕ್ಕೆ ಸರಿಯಲು ಕೂಗಿದ. ಐವತ್ತೊಂಬತ್ತಕ್ಕೇ ನನ್ನನ್ನು ಅಜ್ಜಿ ಮಾಡಿದವನನ್ನು ಒಮ್ಮೆ ತಿರುಗಿ ನೋಡಿದೆ, ಅಷ್ಟೇ. ಜಗಳಕ್ಕೆ ಪುರುಸೊತ್ತಿರಲಿಲ್ಲ.

ಏಕನಾಥನ ಕೈಯಲ್ಲಿದ್ದದ್ದು ಟೀವಿ ಆಟದ ಒಂದು ಹಳೆಯ ಕ್ಯಾಸೆಟ್. ಊರಲ್ಲಿ ಇಂಥದ್ದನ್ನು ರಿಪೇರಿ ಮಾಡುವವನು ಅವನೊಬ್ಬನೇ ಉಳಿದಿದ್ದ. ಬೂದು ಬಣ್ಣದ ದಪ್ಪ ಡಬ್ಬಿ. ಮೇಲಿನ ಚೀಟಿಯಲ್ಲಿ ಕನ್ನಡಕ ಹಾಕಿಕೊಂಡ ಕೋಣ, ಟೋಪಿ ಹಾಕಿದ ಬಾತುಕೋಳಿ, ಹಲ್ಲು ಕಿಸಿದ ಅಳಿಲು, ಎಲ್ಲವೂ ಪುಟ್ಟ ಪುಟ್ಟ ಕಾರುಗಳಲ್ಲಿ ಕೂತು ಓಡುತ್ತಿದ್ದವು. 'ಜಂಗಲ್ ಡರ್ಬಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮಾರ್ಕೆಟ್ ಯಾರ್ಡಿನ ಹೋಟೆಲಿನ ಶೆಟ್ಟರ ಇಬ್ಬರು ಹುಡುಗರಿಗೆಂದು ಬಹರೈನಿನಲ್ಲಿದ್ದ ಅವರ ಸೋದರಮಾವ ಇದನ್ನು ತಂದು ಇಪ್ಪತ್ತೇಳು ವರ್ಷವಾಗಿದೆ.

ಆ ಇಬ್ಬರಲ್ಲಿ ಕಿರಿಯವನು ಹರ್ಷ. ಹದಿಮೂರು ವರ್ಷದ ಹಿಂದೆ ಅವರ ಹೋಟೆಲಿನ ಅಡುಗೆಮನೆಯಲ್ಲಿ ಗ್ಯಾಸ್ ಹತ್ತಿಕೊಂಡು ದೋಸೆ ಭಟ್ಟರ ಎರಡೂ ಕೈ ಸುಟ್ಟವು. "ಆಟದ ಗುಂಗಿನಲ್ಲಿ ಗ್ಯಾಸ್ ತೆರೆದೇ ಬಿಟ್ಟು ಬಂದದ್ದು ನೀನೇ" ಎಂದು ಅಪ್ಪ ಹರಿಶ್ಚಂದ್ರ ಶೆಟ್ಟರು ಗಿರಾಕಿಗಳ ಎದುರೇ ಹರ್ಷನ ಕೆನ್ನೆಗೆ ಬಾರಿಸಿದರು. ಹುಡುಗ ಒಂದು ಮಾತನ್ನೂ ಆಡದೆ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಬರಲಿಲ್ಲ. ಅಪ್ಪ ಅದೇ ಕೊರಗಿನಲ್ಲಿ ತೀರಿಹೋದರು.

ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ತಿಳಿದು ದರ್ಭೆಯ ಬೊಂಬೆ ಮಾಡಿ ಸುಡುತ್ತಾರೆ. ನಾಳೆ ಮಹಾಲಯ ಅಮಾವಾಸ್ಯೆ. ಬೆಳಗ್ಗೆ ಎಂಟಕ್ಕೆ ನದಿಯ ಘಾಟಿನಲ್ಲಿ ಹರ್ಷನ ಬೊಂಬೆಗೆ ಬೆಂಕಿ.

ಅದಕ್ಕೂ ಮೊದಲು ಒಮ್ಮೆ ತಮ್ಮನ ಆಟ ನೋಡೋಣವೆಂದು ಅಣ್ಣ ಸುಖೇಶ್ ಹಳೆಯ ಟೀವಿ ಹಚ್ಚಿದ. ಆಟದೊಳಗೆ ದಾಖಲೆಗಳ ಪಟ್ಟಿಯೊಂದಿದೆ. ಐದು ದಾರಿ, ಐದು ದಾಖಲೆ, ಐದರ ಮುಂದೆಯೂ ಹರ್ಷನ ಮೂರು ಅಕ್ಷರ: ಎಚ್, ಎ, ಆರ್. ಹೆಸರು ಅದೇ, ಆದರೆ ವೇಳೆ ಬೇರೆ! ತಮ್ಮನ ಒಂದೊಂದು ಸೆಕೆಂಡೂ ಸುಖೇಶನಿಗೆ ಬಾಯಿಪಾಠ. ಈಗ ನಾಲ್ಕು ದಾರಿಗಳಲ್ಲಿ ವೇಳೆ ಹದಿನೈದು, ಇಪ್ಪತ್ತು ಸೆಕೆಂಡು ಹಿಂದೆ ಬಿದ್ದಿದೆ. ಐದನೆಯದರಲ್ಲಿ ಮಾತ್ರ ಹಳೆಯದಕ್ಕಿಂತ ಐದು ಸೆಕೆಂಡು ಮುಂದಿದೆ.

"ಕೈಗೆ ಅಭ್ಯಾಸ ತಪ್ಪಿದೆ ಮೇಡಂ, ಆದ್ರೆ ಅವನೇ. ಗುಟ್ಟಾಗಿ ಮನೆಗೆ ಬಂದು ಹೋಗ್ತಾನೆ," ಎಂದು ಸುಖೇಶ್ ಮೂರು ದಿನದ ಹಿಂದೆ ನನ್ನೆದುರು ಕೂತು ಅತ್ತ. ಇಂದು ಬೆಳಗ್ಗೆ ತಾಯಿಯ ಕಣ್ಣು ತಪ್ಪಿಸಿ ಕ್ಯಾಸೆಟ್ಟನ್ನೇ ತಂದು ನನ್ನ ಕೈಗಿಟ್ಟ.

ನಾನು ಅಂಬಾ ದೇಸಾಯಿ. ಊರು ಧಾರವಾಡ. ಪುಣೆಯಲ್ಲಿ ವಿಮಾ ಕಂಪನಿಗೆ ಮೂವತ್ತು ವರ್ಷ ಸುಳ್ಳು ಕ್ಲೇಮು ಹಿಡಿದುಕೊಟ್ಟವಳು. ಸತ್ತೆನೆಂದು ಹೇಳಿ ಬದುಕಿದ್ದವರನ್ನು ಬೇಕಾದಷ್ಟು ಕಂಡಿದ್ದೇನೆ. ಬದುಕಿರುವವನನ್ನು ಸತ್ತನೆಂದು ಸುಟ್ಟುಬಿಡುವ ಮೊದಲು ಕೈಗೆ ಬಂದ ಕೇಸು ಇದೊಂದೇ.

ಏಕನಾಥ ಡಬ್ಬಿ ಬಿಚ್ಚಿದ. ಒಳಗೆ ಹಸಿರು ಪಟ್ಟಿ, ಅದರ ಮೂಲೆಯಲ್ಲಿ ಎಂಟಾಣೆಯಷ್ಟಗಲದ ಒಂದು ಸೆಲ್.

"ಆಟದ ನೆನಪೆಲ್ಲಾ ಈ ಸೆಲ್ ಮ್ಯಾಲೆ ನಿಂತದ್ರಿ. ಯಾರು ಗೆದ್ದರು, ಎಷ್ಟು ವ್ಯಾಳ್ಯಾದಾಗ ಗೆದ್ದರು, ಎಲ್ಲಾ. ಸೆಲ್ ತೆಗದ್ರ ಪಾಟಿ ಒರಸಿಧಂಗ. ಸಗಳಾ ಸಾಫ್."

"ಒಂದೂ ಉಳಿಯೂದಿಲ್ಲೇನು?"

"ಛೆ ಛೆ. ಒಂದಕ್ಷರ ಸುದ್ದಾ ಉಳಿಯಂಗಿಲ್ಲ. ಕಂಪನಿಯವರು ಮೊದಲ ಹಾಕಿದ್ದ ಪ್ರಾಣಿಗಳ ಹೆಸರು ಬಂದು ಕುಂದರ್ತಾವ."

"ಈ ಸೆಲ್ ಕಂಪನಿಯದೇನು?"

"ಇಲ್ರಿ, ಇದು ನನ್ನ ಕೈಕೆಲಸ. ನೋಡ್ರಿ ಇಲ್ಲಿ."

ಭೂತಗನ್ನಡಿ ಕೊಟ್ಟ. ಸೆಲ್ಲಿನ ಬೆನ್ನಿನ ಮೇಲೆ ಸಣ್ಣ ಪೆನ್ನಿನಲ್ಲಿ ಬರೆದಿತ್ತು: 2-11-23.

"ನಾ ಹಾಕಿದ ಪ್ರತಿ ಸೆಲ್ಲಿಗೆ ತಾರೀಖು ಬರೀತೀನ್ರಿ. ಇಲ್ಲಂದ್ರ ಈ ಪುಣೆ ಮಂದಿ ಐದು ವರ್ಷ ಬಿಟ್ಟು ಬಂದು, ಹೋದ ತಿಂಗಳ ಹಾಕಿಸಿದ್ದೆ ಅಂತ ಜಗಳಾ ತಗೀತಾರ."

ಲೆಕ್ಕ ನೇರವಾಗಿತ್ತು. ಎರಡು ವರ್ಷದ ಹಿಂದೆ ನವೆಂಬರ್ ಎರಡರಂದು ಈ ಕ್ಯಾಸೆಟ್ ಖಾಲಿ ಪಾಟಿ. ಹರ್ಷನ ಹಳೆಯ ದಾಖಲೆಗಳೆಲ್ಲ ಆವತ್ತೇ ಮಣ್ಣುಪಾಲು. ಈಗ ಇರುವ ಐದೂ ಅದಾದ ಮೇಲೆ ಬರೆದವು.

ಅಂದರೆ ಹರ್ಷ ಬದುಕಿದ್ದಾನೆಯೇ? ಆಗಲೇ ಫೋನು ಹಚ್ಚಿ, "ಸುಖೇಶ, ನಾಳಿನ ಕಾರ್ಯ ನಿಲ್ಲಸ್ರಿ" ಎನ್ನಬೇಕೆಂದು ಕೈ ತುರಿಸಿತು. ಆದರೆ ಮೂವತ್ತು ವರ್ಷದ ಚಾಳಿ ಬಿಡಬೇಕಲ್ಲ. ಇನ್ನೊಮ್ಮೆ ಗಾಜು ಹಿಡಿದು ನೋಡಿದೆ. ಪಟ್ಟಿಯ ಅಂಚಿನ ಸಂದುಗಳಲ್ಲಿ ಕೆಂಪಗೆ ಏನೋ ಕೂತಿತ್ತು.

"ಇದೇನು, ತುಕ್ಕೇನು?"

ಏಕನಾಥ ಉಗುರಿನಿಂದ ಕೆರೆದು ಮೂಸಿ ನೋಡಿ ನಕ್ಕ. "ಕುಂಕುಮರೀ. ನಮ್ಮ ಮಂದೀದ ಕೆಲಸ. ನೀರು ಹೊಡದು ಕುಂಕುಮ ಹಚ್ಚ್ಯಾರ, ಅದು ಒಳಗ ಇಳದು ಸೆಲ್ ಸತ್ತದ."

ನೀರು, ಕುಂಕುಮ. ಮೊಬೈಲಿನ ಪಂಚಾಂಗ ತೆಗೆದು ನೋಡಿದೆ. ಆ ವರ್ಷದ ಆಯುಧಪೂಜೆ ಅಕ್ಟೋಬರ್ ಇಪ್ಪತ್ಮೂರು. ಸೆಲ್ ಹಾಕಿದ್ದು ಅದಾಗಿ ಹತ್ತೇ ದಿನಕ್ಕೆ.

"ಯಾರು ತಂದಿದ್ರು ಇದನ್ನ?"

"ಎರಡು ವರ್ಷ ಆತಲ್ರಿ ಬಾಯಾರ. ನನಗ ಕೆಲಸ ನೆನಪಿರ್ತದ, ಮಾರಿ ನೆನಪಿರೂದಿಲ್ಲ."

"ಆಡಿ ನೋಡಿ ಕೊಡ್ತೀರೇನು?"

"ನನಗ ಆಡಾಕ ಬರೂದಿಲ್ರಿ. ಚಿತ್ರ ಬಂತಂದ್ರ ಆತು, ಗಿರಾಕಿಗೆ ಕೊಟ್ಟುಬಿಡೂದು." ಇಷ್ಟು ಹೇಳಿ ಅವನು ಮೇಜಿನ ಕೆಳಗೆ ಸ್ಕ್ರೂ ಹುಡುಕತೊಡಗಿದ. ನಾಲ್ಕೂ ಸ್ಕ್ರೂ ಅವನ ಕಣ್ಣೆದುರಿನ ಬಟ್ಟಲಲ್ಲೇ ಇದ್ದವು. ನಾನು ನೋಡಿದೆ, ನೋಡಿಯೂ ಬಿಟ್ಟುಬಿಟ್ಟೆ. ತಲೆಯ ತುಂಬ ಕುಂಕುಮವೇ ಇತ್ತು.

ಕಳ್ಳತನದಿಂದ ಮನೆಗೆ ಬಂದು ಹೋಗುವವನು ಕ್ಯಾಸೆಟ್ಟಿಗೆ ಕುಂಕುಮ ಹಚ್ಚುವುದಿಲ್ಲ. ಶೆಟ್ಟರ ಮನೆಯಲ್ಲಿ ಆಯುಧಪೂಜೆ ಮಾಡುವವರು ಒಬ್ಬರೇ. ಆಟೋ ಹತ್ತಿ ಮಾರ್ಕೆಟ್ ಯಾರ್ಡ್ ಎಂದೆ.

ಶೆಟ್ಟರ ಹೋಟೆಲ್ ಸೌಪರ್ಣಿಕಾ ಮಾರ್ಕೆಟ್ ಯಾರ್ಡಿನ ಎರಡನೆಯ ಗೇಟಿನ ಎದುರಿಗಿದೆ. ಈರುಳ್ಳಿ ಮೂಟೆ ಹೊರುವವರಿಂದ ಹಿಡಿದು ಅಡತ್ತಿನ ದಲಾಲಿ ಸೇಠರ ತನಕ ಎಲ್ಲರೂ ಅಲ್ಲಿಯ ಬನ್ಸಿಗೆ ಕಾಯುವವರೇ. ನಾನು ಹೋದಾಗ ಮೂರೂಕಾಲು, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತು. ಸುಖೇಶ್ ಒಬ್ಬನೇ ಒಂದು ಮೇಜಿನಲ್ಲಿ ಕೂತು, ಪುರೋಹಿತ ಭಟ್ಟರು ಕೊಟ್ಟ ಕಾರ್ಯದ ಸಾಮಾನಿನ ಚೀಟಿಯನ್ನು ಮಡಿಸುತ್ತ ಬಿಚ್ಚುತ್ತ ಇದ್ದ. ನಲವತ್ನಾಲ್ಕರ ಗಂಡಸು, ಮೂರು ದಿನದಲ್ಲಿ ಅರ್ಧ ಇಳಿದುಹೋಗಿದ್ದ.

"ಮೇಡಂ, ಎಂತಾದ್ರೂ ಗೊತ್ತಾಯ್ತಾ?"

"ಇನ್ನೂ ಇಲ್ಲ."

"ದರ್ಭೆ ತರ್ಲಿಕ್ಕೆ ಹೋಗ್ಬೇಕು. ಹೋಗ್ಲಾ, ಬೇಡ್ವಾ? ನೀವು ಹೇಳಿದ ಹಾಗೆ." ಅವನ ಕಣ್ಣು ತುಂಬಿಕೊಂಡವು. "ಅಮ್ಮ ದಿನಾ ಅವನ ಬಟ್ಟಲು ಇಟ್ಟುಕೊಂಡು ಕೂರ್ತಾರೆ. ಅದು ನಿಲ್ಲಲಿ ಅಂತ ಈ ಕಾರ್ಯ ಇಟ್ಟುಕೊಂಡದ್ದು. ಆದ್ರೆ ಅವ ಇದ್ದಾನೆ ಅಂತಾದ್ರೆ, ನಾನು ನನ್ನ ತಮ್ಮನಿಗೆ..."

ಮಾತು ಅರ್ಧಕ್ಕೇ ಬಿಟ್ಟು ಚೀಟಿಯನ್ನು ಮತ್ತೆ ಮಡಿಸಿದ.

"ಒಂದು ತಾಸು ಕೊಡ್ರಿ ನನಗ," ಎಂದು ಹೇಳಿ ಮೆಟ್ಟಿಲು ಹತ್ತಿದೆ.

ಮೇಲಿನ ಮನೆಯ ಬಾಗಿಲು ತೆರೆದೇ ಇತ್ತು. ಪ್ರೇಮಾವತಿ ಅಮ್ಮ ನೆಲದ ಮೇಲೆ ಕೂತು ಕಪಾಟಿನ ಸಾಮಾನನ್ನೆಲ್ಲ ಹೊರಗೆಳೆದು ಹಾಕಿದ್ದರು. ಅರವತ್ತೇಳು ವರ್ಷ, ಬಿಳಿ ಕೂದಲಿನ ಪುಟ್ಟ ತುರುಬು, ಮಂಡಿ ನೋವಿಗೆ ಕಟ್ಟಿದ ಪಟ್ಟಿ. ಅಷ್ಟಾದರೂ ನೆಲಕ್ಕೆ ಕೂತು ಕಪಾಟಿನ ಮೂಲೆಗೆ ಕೈ ಹಾಕಿ ತಡಕಾಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಬನ್ನಿ ಬನ್ನಿ, ಕೂತ್ಕೊಳ್ಳಿ. ಮನೆಯೆಲ್ಲ ಹರಡಿ ಬಿಟ್ಟಿದ್ದೇನೆ ಮಾರಾಯ್ರೆ."

"ಏನು ಹುಡಕ್ಲಿಕತ್ತೀರಿ ಅಕ್ಕಾರ?"

"ಎಂತ ಇಲ್ಲ. ಡಾಕ್ಟರ ಚೀಟಿ."

ಡಾಕ್ಟರ ಚೀಟಿ ಅವರ ಬೆನ್ನ ಹಿಂದೆ ಗೋಡೆಗೆ ನೇತುಹಾಕಿದ ಚೀಲದಿಂದ ಇಣುಕುತ್ತಿತ್ತು. ನಾನು ಕೈಚೀಲದಿಂದ ಕ್ಯಾಸೆಟ್ ತೆಗೆದು ಟೀವಿಯ ಪಕ್ಕದಲ್ಲಿಟ್ಟೆ. ಅವರ ಕೈ ತಟ್ಟನೆ ಅದರ ಕಡೆಗೆ ಹೋಯಿತು, ಅರ್ಧ ದಾರಿಯಲ್ಲಿ ನಿಂತಿತು.

ಸೊಸೆ, ಸುಖೇಶನ ಹೆಂಡತಿ ಯಶ್ಮಿತಾ, ಅಡುಗೆಮನೆಯಿಂದ ಚಹಾ ತಂದಳು. ಕ್ಯಾಸೆಟ್ ಕಂಡದ್ದೇ, "ಓ, ಸಿಕ್ಕಿತಾ ಅತ್ತೆ?" ಎಂದವಳು ನಾಲಗೆ ಕಚ್ಚಿಕೊಂಡಳು.

"ಅಕ್ಕಾರ, ಈ ಆಟ ಹೆಂಗಿರ್ತದ, ನಾ ಒಮ್ಮಿ ನೋಡಬೇಕು. ಹಚ್ಚಿ ತೋರಸ್ರಿ," ಎಂದೆ.

"ನನಗೆಂತ ಗೊತ್ತು ಅದೆಲ್ಲ! ಅದು ಮಕ್ಕಳ ಆಟ."

"ಹಂಗಾದ್ರ ನಾನ ಹಚ್ಚತೀನಿ."

ನಾನು ಕ್ಯಾಸೆಟ್ ಎತ್ತಿಕೊಂಡೆ. ಬೇಕೆಂದೇ ಉಲ್ಟಾ ಹಿಡಿದು ಟೀವಿಯ ಕೆಳಗಿನ ಆಟದ ಸೆಟ್ಟಿನ ಬಾಯಿಗೆ ತುರುಕತೊಡಗಿದೆ. ಕೂರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಪ್ರೇಮಾವತಿ ಅಮ್ಮನ ಮುಖ ಒಂದು ಕ್ಷಣ ಒಂದು ಬಣ್ಣವಾದರೆ ಮರುಕ್ಷಣ ಇನ್ನೊಂದಾಗುತ್ತಿತ್ತು. ಮೂರನೆಯ ಸಲ ಒತ್ತಿದಾಗ ಪ್ಲಾಸ್ಟಿಕ್ಕು ಕರಕ್ ಎಂದಿತು.

"ಅಯ್ಯೋ ದೇವ್ರೇ, ಹಾಗಲ್ಲ! ಮುರೀತದೆ!" ಎಂದು ಮಂಡಿ ನೋವನ್ನೂ ಮರೆತು ಎದ್ದು ಬಂದು ನನ್ನ ಕೈಯಿಂದ ಕಸಿದುಕೊಂಡರು. ಕ್ಯಾಸೆಟ್ಟನ್ನು ತಿರುಗಿಸಿದರು. ಅದರ ತೆರೆದ ಬಾಯಿಗೆ ಎರಡು ಸಲ ಉಫ್ ಉಫ್ ಎಂದು ಊದಿದರು. ಮೆಲ್ಲಗೆ ಕೂರಿಸಿ, ಒಂದು ಬೆರಳಿನಿಂದ ಎಡಕ್ಕೆ ಸ್ವಲ್ಪ ಒತ್ತಿ, ಗುಂಡಿ ಅದುಮಿದರು. ಟೀವಿಯಲ್ಲಿ ಪೀಂ ಪೀಂ ಎಂದು ಹಾಡು ಶುರುವಾಯಿತು.

ಆಮೇಲೆ ತಾನೇನು ಮಾಡಿದೆನೆಂದು ಅವರಿಗೆ ಹೊಳೆಯಿತು. ಹಾಗೇ ಕುರ್ಚಿಯಲ್ಲಿ ಕುಸಿದು ಕೂತರು.

"ಎಷ್ಟು ದಿನಾತ್ರಿ ಅಕ್ಕಾರ, ನೀವು ಆಡಾಕ ಶುರು ಮಾಡಿ?"

ಪ್ರೇಮಾವತಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಯಶ್ಮಿತಾ ಬಂದು ಅವರ ಪಕ್ಕದಲ್ಲಿ ನಿಂತಳು.

"ಎರಡು ವರ್ಷ," ಎಂದರು ಕೊನೆಗೆ. "ಮಧ್ಯಾಹ್ನ ಸುಖೇಶ ಕೆಳಗಿರುವಾಗ. ಅವನಿಗೆ ಹೇಳ್ಬೇಡಿ. ಮರ್ಯಾದೆ ಹೋಗ್ತದೆ ನನ್ನದು."

"ಇದರಾಗ ಮರ್ಯಾದಿ ಹೋಗೂದೇನು ಬಂತು?"

"ನಾನು ಎಂತ ಪಾಪ ಮಾಡಿದ್ದೇನೆ ಗೊತ್ತುಂಟಾ ನಿಮಗೆ?"

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ನನಗೆ ಕೆಲಸ ಕಲಿಸಿದೆ. ನನ್ನ ಗಂಡ ಇದನ್ನು ನಂಬುವುದಿಲ್ಲ, ಆ ಮಾತು ಬೇರೆ.

"ಅವ ಹೋದ ಮೇಲೆ ದಿನಾ ಒಂದ್ಸಲ ಇದನ್ನು ಹಾಕಿ ಅವನ ಹೆಸರು ನೋಡ್ತಿದ್ದೆ. ಫೋಟೋ ನೋಡಿದ್ರೆ ಅಳು ಬರ್ತದೆ. ಇದರಲ್ಲಿ ಅವ ಗೆದ್ದದ್ದು ಮಾತ್ರ ಉಂಟಲ್ಲ, ಅದಕ್ಕೆ. ನಾನು ಕಲಿತದ್ದು ಊರ ಶಾಲೆಯಲ್ಲಿ, ಏಳನೇ ತನಕ. ಇಂಗ್ಲಿಷಿನ ಆ ಮೂರು ಅಕ್ಷರ ಇದನ್ನು ನೋಡಿಯೇ ಕಲಿತೆ."

"ಆಮ್ಯಾಲೆ?"

"ಆಯುಧಪೂಜೆ ದಿನ ನಮ್ಮಲ್ಲಿ ಎಲ್ಲದಕ್ಕೂ ಪೂಜೆ. ಗ್ರೈಂಡರ್, ಮಿಕ್ಸಿ, ಫ್ರಿಜ್ಜು, ಸುಖೇಶನ ಸ್ಕೂಟರು. ಹರ್ಷನದ್ದು ಅಂತ ಪೂಜೆ ಮಾಡ್ಲಿಕ್ಕೆ ಎಂತ ಉಂಟು ಹೇಳಿ? ಇದೊಂದೇ. ಪ್ರತಿ ವರ್ಷ ಬರೇ ಒಂದು ಬೊಟ್ಟು ಇಡ್ತಿದ್ದೆ. ಆ ವರ್ಷ ಅವ ಹೋಗಿ ಹನ್ನೊಂದು ತುಂಬಿತ್ತು. ಎಲ್ಲರೂ ಹನ್ನೆರಡು, ಹನ್ನೆರಡು ಅಂತ ಮಾತಾಡ್ಲಿಕ್ಕೆ ಶುರು ಮಾಡಿದ್ರು. ದೇವರ ಹತ್ರ ಸ್ವಲ್ಪ ಜೋರಾಗಿ ಕೇಳುವ ಅಂತ ಕಂಡಿತು. ಕಲಶದ ನೀರು ತಂದು ಇದರ ಮೇಲೆ ಹಾಕಿದೆ."

ಯಶ್ಮಿತಾ ಅತ್ತೆಯ ಹೆಗಲ ಮೇಲೆ ಕೈಯಿಟ್ಟಳು.

"ಮರುದಿನ ಹಾಕಿ ನೋಡಿದ್ರೆ ಹೆಸರೇ ಇಲ್ಲ. ಅಳಿಲು, ಬಾತುಕೋಳಿ, ಎಂತೆಂತದೋ ಬಂದು ಕೂತಿದೆ. ನನ್ನ ಕೈಯಾರೆ ನನ್ನ ಮಗನನ್ನು ಒರಸಿ ಹಾಕಿದೆ. ಅವನ ಅಪ್ಪ ಕೆನ್ನೆಗೆ ಹೊಡೆದ್ರು. ನಾನು ಅವನ ಹೆಸರನ್ನೇ ಇಲ್ಲ ಮಾಡಿದೆ."

ಸುಳ್ಳುಗಾರರನ್ನು ಎದುರಿಗೆ ಕೂರಿಸಿಕೊಂಡು ನಿಜ ಹೊರಡಿಸುವುದು ನನ್ನ ಹೊಟ್ಟೆಪಾಡು. ಆದರೆ ಇಂಥ ನಿಜ ಹೊರಡಿಸಿದಾಗ ನನ್ನ ಮೇಲೆಯೇ ನನಗೆ ಸಿಟ್ಟು ಬರುತ್ತದೆ.

"ರಿಪೇರಿಗೆ ಯಶ್ಮಿತಾಳ ಹತ್ರ ಗುಟ್ಟಾಗಿ ಕೊಟ್ಟು ಕಳಿಸಿದೆ. ಸುಖೇಶ ನೋಡಿದ್ರೆ ಅವನ ಎದೆ ಒಡೀತದೆ, ಅಲ್ವಾ? ಅದಕ್ಕೇ ನಾನೇ ಆಡಿ ಹೆಸರು ತುಂಬಿಸುವ ಅಂತ ಕೂತೆ. ಹರ್ಷ ಯಾವಾಗಲೂ ಕೋಣವನ್ನೇ ತಗೊಳ್ಳೋದು. ನನ್ನ ತವರಲ್ಲಿ ಕಂಬಳಕ್ಕೆ ಕೋಣ ಬಿಡ್ತಿದ್ರು, ಹಾಗೆ. ನಾನೂ ಕೋಣವನ್ನೇ ತಗೊಂಡೆ. ಮೊದಮೊದಲು ಗದ್ದೆಗೆ ಬೀಳೋದು, ಮರಕ್ಕೆ ಗುದ್ದೋದು. ಮೊದಲನೇ ಹೆಸರು ಬರ್ಲಿಕ್ಕೆ ನಾಲ್ಕು ತಿಂಗಳು ಹಿಡೀತು ಮಾರಾಯ್ರೆ. ಆ ದಿನ ಇವಳು ಪಾಯಸ ಮಾಡಿದ್ಲು."

ಅಳುತ್ತಳುತ್ತಲೇ ಒಂದಿಷ್ಟು ನಕ್ಕರು. ನಾನೂ ನಕ್ಕೆ.

ಆದರೆ ಕೇಸು ಅಲ್ಲಿಗೆ ಮುಗಿದಿತ್ತು. ಹರ್ಷ ಬಂದಿರಲಿಲ್ಲ, ಬಂದು ಆಡಿರಲಿಲ್ಲ. ಸುಖೇಶ ಮೂರು ದಿನದಿಂದ ಜೀವ ಹಿಡಿದುಕೊಂಡಿದ್ದ ಆಸೆ ಇಷ್ಟೇ: ಮಗನ ಹೆಸರು ಉಳಿಯಲಿ ಎಂದು ಮಧ್ಯಾಹ್ನಗಳಲ್ಲಿ ಕೋಣದ ಕಾರು ಓಡಿಸಿದ ಒಬ್ಬ ತಾಯಿ. ಇನ್ನು ನಾನು ಕೆಳಗಿಳಿದು ಹೋಗಿ, ಹೋಗಪ್ಪಾ, ದರ್ಭೆ ತಗೊಂಡು ಬಾ ಎನ್ನಬೇಕು. ಏಳುವ ಬದಲು ಚಹಾದ ಕಪ್ಪು ಕೈಗೆತ್ತಿಕೊಂಡೆ.

ಸುಮ್ಮನೆ ಮಾತಿಗೆಂದು ಹೇಳಿದೆ: "ಭೇಷ್ ಅಕ್ಕಾರ. ಈ ವಯಸ್ಸಿನಾಗ ಐದಕ್ಕೈದೂ ಗೆದ್ರಲ್ಲ."

"ಐದಲ್ಲ, ನಾಲ್ಕು."

"ಏನಂದ್ರಿ?"

"ನಾಲ್ಕು ನನ್ನದು. ಐದನೆಯದು ಹಿಮದ ದಾರಿ. ಅಲ್ಲೊಂದು ಮುರಿದ ಸೇತುವೆ ಉಂಟು, ಹಾರಿಸ್ಬೇಕು. ಎರಡು ವರ್ಷದಿಂದ ಅಲ್ಲಿ ನೀರಿಗೆ ಬೀಳ್ತಾ ಇದ್ದೇನೆ. ಇವತ್ತಿನವರೆಗೆ ಒಮ್ಮೆಯೂ ದಾಟಲಿಲ್ಲ."

"ಮತ್ತ ಅದರಾಗ ಹರ್ಷನ ಹೆಸರು ಹೆಂಗದ?"

"ಅದು ಮೊದಲೇ ಇತ್ತಲ್ಲ. ರಿಪೇರಿಯಿಂದ ಬಂದಾಗ ಅದೊಂದು ಉಳಿದಿತ್ತು. ಪಾಪ, ಅಂಗಡಿಯವ ಹೇಗೋ ಅದೊಂದನ್ನು ಉಳಿಸಿ ಕೊಟ್ಟಿದ್ದಾನೆ. ಅವನಿಗೆ ಪುಣ್ಯ ಬರಲಿ."

ನಾನು ಚಹಾದ ಕಪ್ಪನ್ನು ಕೆಳಗಿಟ್ಟೆ.

ಒಂದಕ್ಷರವೂ ಉಳಿಯುವುದಿಲ್ಲ ಎಂದಿದ್ದ ಏಕನಾಥ. ಸೆಲ್ ತೆಗೆದರೆ ಪಾಟಿ ಖಾಲಿ. ಹೊಸ ಸೆಲ್ ಹಾಕಿದ ಮೇಲೆ ಕ್ಯಾಸೆಟ್ ಅಂಗಡಿಯಿಂದ ನೇರ ಈ ಮನೆಗೆ ಬಂದಿದೆ. ಬರುವಾಗಲೇ ಅದರಲ್ಲಿ ಹರ್ಷನ ಹೆಸರಿತ್ತು. ಅದೂ ಅವನ ಹಳೆಯ ದಾಖಲೆಗಿಂತ ಐದು ಸೆಕೆಂಡು ಮುಂದೆ! ಹಾಗಾದರೆ ಅದನ್ನು ಬರೆದದ್ದು ಅಂಗಡಿಯಲ್ಲೇ. ಆ ಸೇತುವೆ ಹಾರಿಸಲು ಗೊತ್ತಿದ್ದವನು, ಆ ಮೂರು ಅಕ್ಷರ ಬರೆಯುವ ಮನಸ್ಸಿದ್ದವನು, ತಾಪ್ಕೀರ್ ಗಲ್ಲಿಯ ಆ ಗೂಡಿನಲ್ಲಿ ಕೂತು ಆಡಿದ್ದಾನೆ.

ಇಷ್ಟನ್ನೂ ಬಾಯಿಬಿಟ್ಟು ಹೇಳಿದೆ. ಪ್ರೇಮಾವತಿ ಅಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಫೋನ್ ಮಾಡಿ," ಎಂದರು. "ಈಗಲೇ ಮಾಡಿ. ನನಗೂ ಕೇಳುವ ಹಾಗೆ ಮಾಡಿ."

ಸ್ಪೀಕರ್ ಹಾಕಿ ಏಕನಾಥನಿಗೆ ಹಚ್ಚಿದೆ.

"ಏಕನಾಥಪ್ಪಾ, ನೀ ಆಡೂದಿಲ್ಲ ಅಂದಿ. ಹಂಗಾದ್ರ ನಿನ್ನ ಅಂಗಡ್ಯಾಗ ಯಾರು ಆಡ್ತಾರ?"

"ಯಾರಿಲ್ರಿ ಬಾಯಾರ. ನಾ ಹೇಳಿದ್ನೆಲ್ಲಾ..."

"ಸುಳ್ಳು ಹೇಳಬ್ಯಾಡ. ಸ್ಕ್ರೂ ಕಣ್ಣೆದುರ ಇಟ್ಕೊಂಡು ಮೇಜಿನ ಬುಡಕ ಹುಡಕಿದಿ. ನಾ ನೋಡೀನಿ."

ಅವನು ಬರೇ ಕೆಮ್ಮಿದ. ನನ್ನ ಮೈ ಉರಿಯಿತು. ಇನ್ನೇನು ಬಾಯಿಗೆ ಬಂದದ್ದು ಅಂದುಬಿಡಬೇಕು, ಅಷ್ಟರಲ್ಲಿ ಪ್ರೇಮಾವತಿ ಅಮ್ಮ ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಅಪ್ಪಾ, ನಾನು ಹರ್ಷನ ತಾಯಿ," ಎಂದರು. ಅವರ ಸ್ವರ ಸ್ವಲ್ಪವೂ ನಡುಗಲಿಲ್ಲ. "ನಾಳೆ ಬೆಳಗ್ಗೆ ನಾವು ಅವನನ್ನು ಸುಡ್ಲಿಕ್ಕೆ ಉಂಟು. ನೀವೂ ಒಬ್ಬ ತಾಯಿಗೆ ಹುಟ್ಟಿದವರಲ್ವಾ? ನನಗೆ ಒಂದೇ ಮಾತು ಹೇಳಿ. ಅವ ಇದ್ದಾನಾ?"

ಏಕನಾಥ ಗಟ್ಟಿಯಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಅದಾನ್ರಿ ಯವ್ವಾ," ಎಂದ. "ಅದಾನ. ಇಲ್ಲೇ ಪುಣೆ ಹತ್ತರ ಕುರಕುಂಭದಾಗ ಒಂದು ಕಂಪನ್ಯಾಗ ಕೆಲಸ ಮಾಡ್ತಾನ. ನಮಗೆಲ್ಲಾ ಅಶ್ವಿನ್ ಅಂತ ಗೊತ್ತು. ಗುರುವಾರ ಕೆಲಸಕ್ಕ ಸೂಟಿ, ಅವತ್ತ ಬಂದು ನನ್ನ ಹಳೇ ಕ್ಯಾಸೆಟ್ ಎಲ್ಲಾ ಆಡಿ ನೋಡಿ ಕೊಡ್ತಾನ. ಆವತ್ತ ನಿಮ್ಮ ಕ್ಯಾಸೆಟ್ ಮ್ಯಾಲಿನ ಕುಂಕುಮ ನೋಡಿ ಕಲ್ಲಾಗಿ ಕುಂತುಬಿಟ್ಟ. 'ಇದು ನಮ್ಮ ಅಮ್ಮನ ಕೈ' ಅಂದ. ಒಂದ ಸಲ ಆಡಿದ. ಹೆಸರು ಬರದು ಎದ್ದ."

ಪ್ರೇಮಾವತಿ ಅಮ್ಮ ಕಣ್ಣು ಮುಚ್ಚಿದರು. ಕೆನ್ನೆಯ ಮೇಲೆ ನೀರು ಇಳಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಇಷ್ಟು ದಿನಾ ಯಾಕ ಹೇಳಲಿಲ್ಲ?" ಎಂದು ನಾನು ಗದರಿದೆ.

"ಮಾತು ತಗೊಂಡಾನ್ರಿ ಬಾಯಾರ. ಮೊನ್ನೆ ಗುರುವಾರ ಬಂದಿದ್ದ. 'ಭಾನುವಾರ ನನ್ನ ಕಾರ್ಯ ಅದ, ಆಗಲಿ ಬಿಡು, ಅಮ್ಮ ಕಾಯೂದು ತಪ್ಪತದ' ಅಂತ ಅಂದ. ಅಂದು ಅಳಾಕತ್ತಿದ. ನಾ ಏನು ಮಾಡ್ಲಿ ಹೇಳ್ರಿ?"

ಫೋನ್ ಇಟ್ಟೆವು.

ಭಾನುವಾರ ಕಾರ್ಯ ಎಂದು ಅವನಿಗೆ ಹೇಳಿದವರು ಯಾರು? ಸುಖೇಶ ಇದನ್ನು ಹೋಟೆಲಿನ ಹುಡುಗರಿಗೂ ಹೇಳಿರಲಿಲ್ಲ. ಗೊತ್ತಿದ್ದದ್ದು ಪುರೋಹಿತರಿಗೆ, ನನಗೆ ಮತ್ತು ಈ ಮನೆಯ ಮೂವರಿಗೆ. ನಾನು ತಲೆ ಎತ್ತುವ ಮೊದಲೇ ಪ್ರೇಮಾವತಿ ಅಮ್ಮ ಸೊಸೆಯ ಕಡೆಗೆ ತಿರುಗಿದ್ದರು. ಕ್ಯಾಸೆಟ್ ರಿಪೇರಿಗೆ ಕೊಟ್ಟುಬಂದವಳು ಯಶ್ಮಿತಾ. ವಾಪಸು ತಂದವಳೂ ಯಶ್ಮಿತಾ.

"ನೀನು ಅವನನ್ನು ನೋಡಿದ್ದಿ," ಎಂದರು.

ಯಶ್ಮಿತಾ ಅಲ್ಲೇ ನೆಲದ ಮೇಲೆ ಅವರ ಕಾಲ ಬಳಿ ಕೂತುಬಿಟ್ಟಳು. "ಕ್ಷಮಿಸಿ ಅತ್ತೆ. ತರ್ಲಿಕ್ಕೆ ಹೋದ ದಿನ ಅಂಗಡಿಯಲ್ಲೇ ಇದ್ದ. ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸಿದ. ಎರಡು ವರ್ಷದಿಂದ ಫೋನಲ್ಲಿ ಮಾತಾಡ್ತೇನೆ. ನಿಮ್ಮ ಮಂಡಿನೋವಿನ ಎಣ್ಣೆ ಅವನೇ ಕಳಿಸೋದು."

ಬೈಗುಳ ಬೀಳುತ್ತದೆಂದು ನಾನು ಕಾದೆ. ನಾನಾಗಿದ್ದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದೆ. ಪ್ರೇಮಾವತಿ ಅಮ್ಮ ಕೇಳಿದ್ದು ಒಂದೇ.

"ಹೊತ್ತಿಗೆ ಸರಿಯಾಗಿ ಊಟ ಮಾಡ್ತಾನಾ ಅವ?"

ಯಶ್ಮಿತಾ ಅವರ ಮಡಿಲಲ್ಲಿ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತಳು. ನಾನು ಕಿಟಕಿಯ ಕಡೆ ಹೋಗಿ ಕನ್ನಡಕ ಒರೆಸಿಕೊಂಡೆ.

"ಅಕ್ಕಾರ, ನಾಳಿನ ಕಾರ್ಯ ನಿಲ್ಲಸ್ರಿ. ನಾ ಸುಖೇಶಗ ಹೇಳ್ತೀನಿ," ಎಂದೆ.

"ನಿಲ್ಲಿಸುವುದಿಲ್ಲ."

ತಿರುಗಿ ನೋಡಿದೆ. ಅವರು ನೆಟ್ಟಗೆ ಕೂತಿದ್ದರು. ಅವರ ಮುಖದಲ್ಲಿ ಆ ಗಟ್ಟಿತನವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಯಶ್ಮಿತಾ, ಅವನಿಗೆ ಫೋನ್ ಮಾಡು. ನಾಳೆ ಎಂಟು ಗಂಟೆಗೆ ಅಮ್ಮ ಘಾಟಿನಲ್ಲಿ ಇರ್ತಾರೆ ಅಂತ ಹೇಳು. ಬೊಂಬೆ ಇರ್ತದೆ, ಭಟ್ರು ಇರ್ತಾರೆ. ಅವ ಸತ್ತಿದ್ದಾನೆ ಅಂತ ನಾನು ಒಪ್ಪಬೇಕಾದ್ರೆ ಅವನೇ ಬರಬೇಕು. ಆ ಬೊಂಬೆಗೆ ಅವನೇ ನನ್ನ ಕಣ್ಣೆದುರು ಬೆಂಕಿ ಕೊಡಲಿ."

"ಬರುವುದಿಲ್ಲ ಅತ್ತೆ," ಯಶ್ಮಿತಾ ತಲೆ ಅಲ್ಲಾಡಿಸಿದಳು. "ನಾನು ಎಷ್ಟು ಸಲ ಕಾಲಿಗೆ ಬಿದ್ದಿದ್ದೇನೆ. ನಿಮ್ಮ ಮೇಲೆ ಅವನಿಗೆ ಸಿಟ್ಟಿಲ್ಲ. ಮಾವನ ಮೇಲೂ ಇಲ್ಲ. 'ನಾನು ಬಂದ್ರೆ ಒಬ್ಬರಿಗೆ ತಲೆ ಎತ್ತಿ ಬದುಕಲಿಕ್ಕಾಗುವುದಿಲ್ಲ, ಅವರ ಮುಂದೆ ಬಂದು ನಿಲ್ಲಲಾರೆ' ಅಂತಾನೆ."

"ಯಾರ ಮುಂದೆ?"

ಯಶ್ಮಿತಾ ಸೆರಗನ್ನು ಬಾಯಿಗೊತ್ತಿಕೊಂಡಳು. ಪ್ರೇಮಾವತಿ ಅಮ್ಮ ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದರು.

"ಹೇಳು. ಯಾರ ಮುಂದೆ?"

ಉತ್ತರ ಬಂದದ್ದು ಬಾಗಿಲಿನಿಂದ. ಸುಖೇಶ್ ಯಾವಾಗ ಮೆಟ್ಟಿಲು ಹತ್ತಿ ಬಂದನೋ, ಎಷ್ಟು ಕೇಳಿಸಿಕೊಂಡನೋ ನಮಗಾರಿಗೂ ತಿಳಿಯಲಿಲ್ಲ. ಚೌಕಟ್ಟು ಹಿಡಿದುಕೊಂಡು ನಿಂತಿದ್ದ.

"ನನ್ನ ಮುಂದೆ ಅಮ್ಮಾ," ಎಂದ. "ಆವತ್ತು ಅಡುಗೆಮನೆಯಲ್ಲಿ ಗ್ಯಾಸ್ ತೆರೆದೇ ಬಿಟ್ಟು ಬಂದವನು ಅವನಲ್ಲ, ನಾನು."